ಸೀಸದ ಕೆಲಸದಲ್ಲಿರುವ ಗಂಡಸರು ಮಗುವಿಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಹೋಗುವ ದಂಪತಿಗಳ ಕೇಸ್ ಶೀಟಿನಲ್ಲಿ ಗಂಡನ ಉದ್ಯೋಗದ ಮುಂದೆ ಅನೇಕ ವೇಳೆ ‘ಖಾಸಗಿ’ ಎಂಬ ಒಂದೇ ಪದ ಇರುತ್ತದೆ. ಆ ಪದದ ಹಿಂದೆ ಬ್ಯಾಟರಿ ಕಾರ್ಖಾನೆಯಲ್ಲಿ ಸೀಸದ ಪ್ಲೇಟುಗಳನ್ನು ಬೆಸೆಯುವವರು ಇರಬಹುದು, ಗುಜರಿಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರು ಇರಬಹುದು, ಸೋರುವ ರೇಡಿಯೇಟರಿಗೆ ಬೆಸುಗೆ ಹಾಕುವವರು, ಹಳೆಯ ಬಣ್ಣವಿರುವ ಕಬ್ಬಿಣವನ್ನು ಗ್ಯಾಸ್ ಕಟರಿನಿಂದ ಕತ್ತರಿಸುವವರು, ಲೋಹದ ಲೇಪ ಹಾಕುವ ಪ್ಲೇಟಿಂಗ್ ತೊಟ್ಟಿಯ ಪಕ್ಕದಲ್ಲಿ ದಿನವಿಡೀ ನಿಲ್ಲುವವರು ಇರಬಹುದು. ಅತ್ತ ಹೆಂಡತಿಗೆ ಸ್ಕ್ಯಾನಿಂಗ್, ಹಾರ್ಮೋನ್ ಪರೀಕ್ಷೆ, ಗರ್ಭನಾಳದ ಪರೀಕ್ಷೆ ಎಂದು ಒಂದರ ಮೇಲೊಂದು ನಡೆಯುತ್ತಲೇ ಇರುತ್ತವೆ. ಮನೆಯಲ್ಲೂ ಊರಲ್ಲೂ ಮಾತು ಕೇಳಬೇಕಾದವಳೂ ಅವಳೇ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆಂಬುದನ್ನು ವೈದ್ಯರು ಒಪ್ಪಿಕೊಂಡು ಬಹಳ ಕಾಲವಾಯಿತು. ಆ ಕಾರಣ ಕೆಲಸದ ಜಾಗದ ಲೋಹವೇ ಎಂದು ನೋಡಲು ಮೊದಲ ಹೆಜ್ಜೆಯಾಗಿ ಬೇಕಾಗುವುದು ಒಂದು ರಕ್ತಪರೀಕ್ಷೆ, ಒಂದು ವೀರ್ಯ ಪರೀಕ್ಷೆ ಮತ್ತು ಮಾಡುವ ಕೆಲಸದ ನಿಜವಾದ ವಿವರ ಮಾತ್ರ.

ಈ ಬರಹದಲ್ಲಿ ಹೆಚ್ಚಾಗಿ ಸೀಸದ ಬಗ್ಗೆಯೇ ಹೇಳುತ್ತೇನೆ. ಗಂಡಸರ ಸಂತಾನಶಕ್ತಿಯ ಮೇಲೆ ಲೋಹಗಳು ಮಾಡುವ ಹಾನಿಯ ಕುರಿತು ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಸೀಸದ ವಿಷಯದಲ್ಲಿ. ನಮ್ಮಲ್ಲಿ ಅತಿ ಹೆಚ್ಚು ಜನರ ಕೈಗೆ ಹತ್ತುವುದೂ ಅದೇ.

ಮೂರು ತಿಂಗಳ ಲೆಕ್ಕ

ವೃಷಣದಲ್ಲಿ ಒಂದು ವೀರ್ಯಾಣು ಮೊದಲ ಕೋಶದಿಂದ ಪೂರ್ಣರೂಪಕ್ಕೆ ಬರಲು ಸುಮಾರು 74 ದಿನ ಬೇಕು. ಅಲ್ಲಿಂದ ಹೊರಟು ನಾಳದಲ್ಲಿ ಹಣ್ಣಾಗಿ ಈಜುವ ಶಕ್ತಿ ಪಡೆಯಲು ಮತ್ತೆ ಎರಡು ವಾರಗಳ ಆಸುಪಾಸು. ಅಂದರೆ ಇಂದು ಹೊರಬರುವ ವೀರ್ಯ ಮೂರು ತಿಂಗಳ ಹಿಂದೆ ನೀವು ಯಾವ ಗಾಳಿ ಕುಡಿದಿರಿ, ಯಾವ ಕೈಯಲ್ಲಿ ಉಂಡಿರಿ ಎಂಬುದರ ಲೆಕ್ಕವನ್ನು ಒಪ್ಪಿಸುತ್ತದೆ. ಹೆಣ್ಣಿನ ಅಂಡಾಣುಗಳು ಹುಟ್ಟುವಾಗಲೇ ಬಂದಿರುತ್ತವೆ, ಆದರೆ ಗಂಡಸಿನ ವೀರ್ಯಾಣು ಸದಾ ಹೊಸದಾಗಿ ತಯಾರಾಗುತ್ತಿರುತ್ತದೆ. ಹಾಗಾಗಿ ವಿಷ ಒಳಸೇರುವುದು ನಿಂತರೆ ಮುಂದಿನ ಪೀಳಿಗೆಯ ವೀರ್ಯಾಣು ಮೊದಲಿನದಕ್ಕಿಂತ ಚೆನ್ನಾಗಿರಲು ನಿಜವಾದ ಅವಕಾಶವಿದೆ. ಈ ಒಂದು ಸಂಗತಿಯೇ ಇಡೀ ಸಿದ್ಧತೆಗೆ ತಳಹದಿ.

ಆದರೆ ಸೀಸ ರಕ್ತದಲ್ಲಿ ಮಾತ್ರ ಇರುವುದಿಲ್ಲ. ರಕ್ತದಲ್ಲಿರುವ ಸೀಸ ಒಂದು ತಿಂಗಳಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂಳೆಗೆ ಸೇರಿದ್ದು ಮಾತ್ರ ದಶಕಗಳ ಕಾಲ ಅಲ್ಲೇ ಉಳಿಯುತ್ತದೆ. ವಯಸ್ಕರ ದೇಹದಲ್ಲಿರುವ ಸೀಸದಲ್ಲಿ ನೂರಕ್ಕೆ 90 ಕ್ಕಿಂತ ಹೆಚ್ಚು ಭಾಗ ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಕೂಡಿಡುತ್ತದೆ, ಆಮೇಲೆ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತಿರುತ್ತದೆ. ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವರ ಅಂಕಿ ಬೇಗ ಇಳಿದರೆ, ಹದಿನೈದು ವರ್ಷ ಭಟ್ಟಿಯ ಮುಂದೆ ದುಡಿದವರ ಅಂಕಿ ಕೆಲಸ ಬಿಟ್ಟ ಮೇಲೂ ನಿಧಾನವಾಗಿ ಇಳಿಯುವುದು ಇದೇ ಕಾರಣದಿಂದ. ಮದುವೆ ಗೊತ್ತಾದಾಗಲೋ ಮಗು ಬೇಕೆನಿಸಿದಾಗಲೋ ಯೋಚಿಸಿದರೆ ಸಾಲದು, ಕೆಲಸಕ್ಕೆ ಸೇರಿದ ದಿನದಿಂದಲೇ ಲೆಕ್ಕ ಇಡಬೇಕೆಂದು ನಾನು ಒತ್ತಿ ಹೇಳುವುದೂ ಅದಕ್ಕಾಗಿಯೇ.

ಸೀಸ ಹಲವು ದಾರಿಗಳಿಂದ ಕೆಡಕು ಮಾಡುತ್ತದೆ. ವೀರ್ಯಾಣುವಿನ ತಲೆಯೊಳಗೆ ವಂಶವಾಹಿಯನ್ನು ಬಿಗಿಯಾಗಿ ಸುತ್ತಿಡುವ ಪ್ರೋಟೀನಿಗೆ ಸತು ಬೇಕು. ಸೀಸ ಆ ಸತುವಿನ ಜಾಗದಲ್ಲಿ ಕುಳಿತುಕೊಳ್ಳುವುದರಿಂದ ಸುತ್ತು ಸಡಿಲವಾಗುತ್ತದೆ. ಮಿದುಳಿನಿಂದ ವೃಷಣಕ್ಕೆ ಹೋಗುವ ಹಾರ್ಮೋನಿನ ಆದೇಶಗಳು ಏರುಪೇರಾಗುತ್ತವೆ. ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಮೂರೂ ಕುಗ್ಗಬಹುದು. ರೊಮೇನಿಯಾದ ಬ್ಯಾಟರಿ ಕಾರ್ಖಾನೆಯೊಂದರ ಕಾರ್ಮಿಕರಲ್ಲಿ ಈ ಮೂರನ್ನೂ ಕಂಡ ಅಧ್ಯಯನ ಪ್ರಕಟವಾದದ್ದು 1975 ರಲ್ಲಿ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2012 ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ರಕ್ತದ ಸೀಸ ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 15 ಮೈಕ್ರೋಗ್ರಾಂ ದಾಟಿದಾಗ ವೀರ್ಯದ ಗುಣ ಕೆಡುವುದಕ್ಕೂ, ಗಂಡನಲ್ಲಿ ಅದು 20 ದಾಟಿದಾಗ ಗರ್ಭ ನಿಲ್ಲುವುದು ತಡವಾಗುವುದಕ್ಕೂ ಸಾಕಷ್ಟು ಪುರಾವೆ ಇದೆಯೆಂದು ಹೇಳಿತು.

ಇಷ್ಟಾದರೂ ಸೀಸ ಎಂದೊಡನೆ ಎಲ್ಲರಿಗೂ ನೆನಪಾಗುವುದು ಗರ್ಭಿಣಿಯರು ಮಾತ್ರ. ಅಮೆರಿಕದ ಜಾನ್ಸನ್ ಕಂಟ್ರೋಲ್ಸ್ ಎಂಬ ಬ್ಯಾಟರಿ ಕಂಪನಿ 1982 ರಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಸೀಸದ ಕೆಲಸದಿಂದ ಹೊರಗಿಟ್ಟಿತು. ಅದರ ವಿರುದ್ಧ ಮೊಕದ್ದಮೆ ಹೂಡಿದವರಲ್ಲಿ ಒಬ್ಬ ಗಂಡಸೂ ಇದ್ದ. ತಂದೆಯಾಗಬೇಕೆಂಬ ಆಸೆಯಿಂದ, ರಕ್ತದ ಸೀಸ ಇಳಿಯುವವರೆಗೆ ರಜೆ ಕೊಡಿ ಎಂದು ಅವನು ಕೇಳಿದ್ದ, ಕಂಪನಿ ಕೊಟ್ಟಿರಲಿಲ್ಲ. 1991 ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯ ನೀತಿಯನ್ನು ತಳ್ಳಿಹಾಕುವಾಗ, ಸೀಸ ಗಂಡಸರ ಸಂತಾನಶಕ್ತಿಯನ್ನೂ ಕೆಡಿಸುತ್ತದೆಂಬ ಪುರಾವೆಯ ಕಡೆಗೆ ಬೊಟ್ಟು ಮಾಡಿತು. ಆ ಕಾರ್ಮಿಕ ಕೇಳಿದ್ದು ಅತ್ಯಂತ ನ್ಯಾಯವಾದ ಬೇಡಿಕೆ ಎಂದು ನಾನು ನಂಬುತ್ತೇನೆ. ನೀವು ಕೇಳಬೇಕಾದದ್ದೂ ಅದನ್ನೇ.

ಕೆಲಸದ ವಿವರವನ್ನು ಬರೆದುಕೊಳ್ಳಿ

ವೈದ್ಯರ ಬಳಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನೀವು ಈವರೆಗೆ ಮಾಡಿದ ಕೆಲಸಗಳನ್ನೆಲ್ಲ ವರ್ಷ ಸಮೇತ ಬರೆಯಿರಿ. ಹುದ್ದೆಯ ಹೆಸರಿಗಿಂತ ಕೈ ಏನು ಮಾಡುತ್ತದೆ ಎಂಬುದೇ ಮುಖ್ಯ. ‘ಆಪರೇಟರ್’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ; ‘ಸೀಸದ ಪುಡಿಯನ್ನು ಪೇಸ್ಟ್ ಮಾಡುವ ಯಂತ್ರದ ಬಳಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ, ಪುಡಿ ಗಾಳಿಯಲ್ಲಿ ಹಾರುತ್ತದೆ, ಊಟ ಅಲ್ಲೇ ಪಕ್ಕದ ಬೆಂಚಿನಲ್ಲಿ’ ಎಂದು ಬರೆದರೆ ಎಲ್ಲವೂ ತಿಳಿಯುತ್ತದೆ. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ, ಶಾಖ ಅದಕ್ಕಿಂತ ಹೆಚ್ಚಿದಷ್ಟೂ ಕಣ್ಣಿಗೆ ಕಾಣದ ಹೊಗೆ ಹೆಚ್ಚುತ್ತದೆ. ಹಾಗಾಗಿ ಕರಗಿಸುವ ಪಾತ್ರೆ ಎಷ್ಟು ಹತ್ತಿರ, ಮೇಲೆ ಹೊಗೆ ಎಳೆಯುವ ಫ್ಯಾನ್ ಇದೆಯೇ, ಅದು ಓಡುತ್ತಿದೆಯೇ ಎಂಬುದನ್ನೂ ಸೇರಿಸಿ. ಹಿಂದೆ ಅಚ್ಚುಮೊಳೆ ಎರಕ ಹೊಯ್ಯುವ ಕೆಲಸ ಮಾಡಿದ್ದರೆ ಅದನ್ನೂ ಬಿಡಬೇಡಿ, ಮೂಳೆ ಮರೆತಿರುವುದಿಲ್ಲ.

ಇದೇ ಹಾಳೆಯಲ್ಲಿ ಕೆಲಸಕ್ಕೆ ಸಂಬಂಧಿಸದ ವಿಷಯಗಳೂ ಇರಲಿ: ಬೀಡಿ, ಸಿಗರೇಟು, ಗುಟ್ಕಾ, ಮದ್ಯ, ಸಕ್ಕರೆ ಕಾಯಿಲೆ, ದೊಡ್ಡವರಾದ ಮೇಲೆ ಬಂದ ಮಂಗನಬಾವು, ವೃಷಣದ ಬಳಿ ಉಬ್ಬಿದ ನರಗಳು, ಈಚಿನ ಮೂರು ತಿಂಗಳಲ್ಲಿ ಬಂದ ಜೋರು ಜ್ವರ. ವೀರ್ಯ ಕೆಡಲು ಇವೆಲ್ಲವೂ ಕಾರಣವಾಗಬಲ್ಲವು. ಭಟ್ಟಿಯ ಬಿಸಿಯೇ ಪ್ರತ್ಯೇಕವಾದ ಒಂದು ಕಾರಣ, ಏಕೆಂದರೆ ವೃಷಣ ದೇಹಕ್ಕಿಂತ ತುಸು ತಂಪಾಗಿರಬೇಕು. ಸೀಸವೊಂದನ್ನೇ ದೂರಿ ಉಳಿದದ್ದನ್ನು ಬಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಮಕ್ಕಳಾಗಲಿಲ್ಲವೆಂಬ ಚಿಂತೆಯಲ್ಲಿರುವವರಿಗೆ ಗಂಡಸುತನ ಹೆಚ್ಚಿಸುವ ಭಸ್ಮ ಎಂದು ಯಾರೋ ಪೊಟ್ಟಣ ಕೊಡುವುದುಂಟು. ನಾಗಭಸ್ಮದಲ್ಲಿ ನಾಗ ಎಂದರೆ ಸೀಸವೇ. ಕಾರ್ಖಾನೆಯಲ್ಲಿ ಸೀಸ ಉಸಿರಾಡಿ ಮನೆಗೆ ಬಂದವರು ರಾತ್ರಿ ಹಾಲಿನಲ್ಲಿ ಮತ್ತೆ ಸೀಸವನ್ನೇ ಕುಡಿಯುವಂತಾಗುವುದು ನನಗೆ ಬಹಳ ನೋವು ಕೊಡುವ ಸಂಗತಿ. ಒಳಗೆ ಏನಿದೆಯೆಂದು ತಿಳಿಯದ ಯಾವ ಭಸ್ಮವನ್ನೂ ಈ ಅವಧಿಯಲ್ಲಿ ತೆಗೆದುಕೊಳ್ಳಬೇಡಿ. ಈಗಾಗಲೇ ತೆಗೆದುಕೊಂಡಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ, ಪೊಟ್ಟಣವನ್ನೂ ತೋರಿಸಿ.

ಯಾವ ಪರೀಕ್ಷೆ, ಹೇಗೆ

ಮಾಡಿಸಬೇಕಾದದ್ದು ರಕ್ತದಲ್ಲಿರುವ ಸೀಸದ ಪ್ರಮಾಣದ ಪರೀಕ್ಷೆ. ಕೂದಲಿನ ಪರೀಕ್ಷೆಯನ್ನು ನಂಬಿ ಹಣ ಕಳೆಯಬೇಡಿ. ಹೊರಗಿನ ಧೂಳು ಕೂದಲಿಗೆ ಅಂಟಿರುವುದರಿಂದ ಕಾರ್ಮಿಕರಲ್ಲಿ ಅದು ಏನನ್ನೂ ಹೇಳುವುದಿಲ್ಲ. ರಕ್ತವನ್ನು ತೋಳಿನ ನರದಿಂದಲೇ ತೆಗೆಯಬೇಕು. ಬೆರಳು ಚುಚ್ಚಿದರೆ ಚರ್ಮದ ಮೇಲಿನ ಸೀಸವೂ ಹನಿಯೊಳಗೆ ಬೆರೆತು ಅಂಕಿ ಸುಳ್ಳಾಗುತ್ತದೆ. ಕೆಲಸದಿಂದ ನೇರವಾಗಿ ಹೋಗದೆ, ಸ್ನಾನ ಮಾಡಿ ಬೇರೆ ಬಟ್ಟೆ ತೊಟ್ಟು ಹೋಗಿ. ಲೋಹದ ಸೋಂಕಿಲ್ಲದ ಪ್ರತ್ಯೇಕ ನಳಿಕೆಯಲ್ಲಿ ರಕ್ತ ಸಂಗ್ರಹಿಸುತ್ತಾರೆಯೇ ಎಂದು ಪ್ರಯೋಗಾಲಯದವರನ್ನು ಮೊದಲೇ ಕೇಳಿ. ವರದಿ ಬಂದಾಗ ಅಂಕಿಯ ಪಕ್ಕದ ಅಳತೆಯನ್ನು ತಪ್ಪದೆ ನೋಡಿ: ಕೆಲವರು ಡೆಸಿಲೀಟರಿನ ಲೆಕ್ಕದಲ್ಲಿ, ಕೆಲವರು ಲೀಟರಿನ ಲೆಕ್ಕದಲ್ಲಿ ಕೊಡುತ್ತಾರೆ. ಲೀಟರಿಗೆ 300 ಎಂದರೆ ಡೆಸಿಲೀಟರಿಗೆ 30. ಈ ಒಂದು ಸೊನ್ನೆಯಿಂದ ಸುಮ್ಮನೆ ಗಾಬರಿಯಾಗುವವರೂ ಇದ್ದಾರೆ, ಸುಮ್ಮನೆ ನಿಶ್ಚಿಂತರಾಗುವವರೂ ಇದ್ದಾರೆ.

ವೀರ್ಯ ಪರೀಕ್ಷೆಗೆ ಎರಡು ದಿನಕ್ಕೆ ಕಡಿಮೆಯಿಲ್ಲದಂತೆ, ಏಳು ದಿನ ಮೀರದಂತೆ ಸಂಯಮ ಬೇಕು. ಸಾಧ್ಯವಾದರೆ ಪ್ರಯೋಗಾಲಯದಲ್ಲೇ ಮಾದರಿ ಕೊಡಿ. ಮನೆಯಿಂದ ತರುವುದಾದರೆ ಬಿಸಿಲಿಗೂ ಚಳಿಗೂ ಒಡ್ಡದೆ, ಮೈಗೆ ಒತ್ತಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ವಿಶ್ವ ಆರೋಗ್ಯ ಸಂಸ್ಥೆ 2021 ರಲ್ಲಿ ಹೊರತಂದ ಕೈಪಿಡಿಯ ಆರನೆಯ ಆವೃತ್ತಿಯ ಪ್ರಕಾರ ಕೆಳಮಟ್ಟದ ಸೂಚಕ ಅಂಕಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲಿಸುವವು ನೂರಕ್ಕೆ 42, ಸರಿಯಾದ ಆಕಾರದವು ನೂರಕ್ಕೆ 4. ಈ ಗೆರೆಯ ಕೆಳಗಿದ್ದವರಿಗೆ ಮಕ್ಕಳಾಗುವುದೇ ಇಲ್ಲ ಎಂದಾಗಲಿ, ಮೇಲಿದ್ದವರಿಗೆ ಆಗಿಯೇ ತೀರುತ್ತದೆ ಎಂದಾಗಲಿ ಅರ್ಥವಲ್ಲ. ವೀರ್ಯ ವಾರದಿಂದ ವಾರಕ್ಕೆ ಬದಲಾಗುವುದರಿಂದ ಒಂದೇ ವರದಿಯನ್ನು ಹಿಡಿದು ತೀರ್ಮಾನಕ್ಕೆ ಬರದೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಅಂಕಿ ಕೈಗೆ ಬಂದ ಮೇಲೆ

ವಿಶ್ವ ಆರೋಗ್ಯ ಸಂಸ್ಥೆಯ 2021 ರ ಮಾರ್ಗಸೂಚಿ, ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯಾರಲ್ಲೇ ಆಗಲಿ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕು ಎನ್ನುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1978 ರ ನಿಯಮದೊಂದಿಗೆ ಕೊಟ್ಟ ವೈದ್ಯಕೀಯ ಸಲಹೆಯಲ್ಲಿ, ಮಗು ಬಯಸುವ ಗಂಡಸರೂ ಹೆಂಗಸರೂ 30 ಕ್ಕಿಂತ ಕೆಳಗಿರಬೇಕು ಎಂದಿತ್ತು. ಆ 30 ಅಂದಿನ ತಿಳಿವಳಿಕೆ. 15 ರಲ್ಲೇ ವೀರ್ಯ ಕೆಡುವುದು ಗೊತ್ತಾದ ಮೇಲೂ 30 ನ್ನೇ ಹಿಡಿದು ಕೂರುವುದು ಸರಿಯಲ್ಲ. 10 ಕ್ಕಿಂತ ಕೆಳಗೆ ತರುವ ಗುರಿ ಇಟ್ಟುಕೊಂಡು, ಎಷ್ಟು ಇಳಿದರೆ ಅಷ್ಟು ಒಳ್ಳೆಯದೆಂದು ನಡೆದುಕೊಳ್ಳಿ.

ಅಂಕಿ ಹೆಚ್ಚಿದ್ದರೆ ಕೇಳಬೇಕಾದ ಮೊದಲ ಚಿಕಿತ್ಸೆ ಕೆಲಸದ ಜಾಗದ ಬದಲಾವಣೆ. ಸೀಸವಿಲ್ಲದ ವಿಭಾಗಕ್ಕೆ, ಉದಾಹರಣೆಗೆ ಉಗ್ರಾಣಕ್ಕೋ ಪ್ಯಾಕಿಂಗಿಗೋ, ಸಂಬಳ ಕಡಿಮೆಯಾಗದಂತೆ ಕೆಲವು ತಿಂಗಳು ಕಳಿಸಬೇಕೆಂದು ವೈದ್ಯರಿಂದ ಬರಹದಲ್ಲಿ ಸಲಹೆ ಪಡೆಯಿರಿ. ಪ್ರತಿ ತಿಂಗಳು ರಕ್ತ ಪರೀಕ್ಷಿಸಿ, ಅಂಕಿ ಇಳಿದು ನಿಂತ ದಿನದಿಂದ ಮೂರು ತಿಂಗಳು ಎಣಿಸಿ, ಆಮೇಲೆ ವೀರ್ಯ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಬಹಳ ವರ್ಷ ದುಡಿದವರು ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಕಾಯಬೇಕಾಗಬಹುದು. ಹೆಂಡತಿಯ ವಯಸ್ಸು ಮೂವತ್ತೈದರ ಹತ್ತಿರವಿದ್ದರೆ ಕಾಯುವ ಅವಧಿಯನ್ನು ಸ್ತ್ರೀರೋಗ ತಜ್ಞರೊಂದಿಗೆ ಕುಳಿತು ನಿರ್ಧರಿಸಿ. ಐವಿಎಫ್‌ಗೆ ಸಾಲ ಮಾಡಲು ಹೊರಟವರಿಗೂ ಇದೇ ಮಾತು ಹೇಳುತ್ತೇನೆ: ಗಂಡನ ರಕ್ತದ ಸೀಸ ನೋಡದೆ, ಇಳಿಸದೆ ಲಕ್ಷಗಟ್ಟಲೆ ಹಣ ಹಾಕುವ ಮೊದಲು ಆ ಒಂದು ಪರೀಕ್ಷೆ ಆಗಲಿ.

ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ, ಕೀಲೇಷನ್ ಎನ್ನುವ ಚಿಕಿತ್ಸೆ ಇದೆ. ಅದು ಅಂಕಿ ಬಹಳ ಏರಿದವರಿಗೆ ಅಥವಾ ಹೊಟ್ಟೆಶೂಲೆ, ಮಣಿಕಟ್ಟು ಜೋಲುವುದು, ಗೊಂದಲದಂಥ ಲಕ್ಷಣ ಕಂಡವರಿಗೆ, ಅನುಭವಿ ವೈದ್ಯರ ಕೈಯಲ್ಲಿ ಮಾತ್ರ. ಔಷಧಿ ಕೊಡಿಸಿ ಮರುದಿನ ಮತ್ತೆ ಅದೇ ಭಟ್ಟಿಗೆ ಕಳಿಸುವುದು ಚಿಕಿತ್ಸೆಯಲ್ಲ, ಅದಕ್ಕೆ ಒಪ್ಪಬೇಡಿ.

ಕೆಲಸದ ಜಾಗದಲ್ಲಿ

ಮಾಸ್ಕ್ ಕೊಟ್ಟಿದ್ದೇವೆ ಎಂಬುದು ಮಾಲೀಕರಿಂದ ಮೊದಲು ಬರುವ ಉತ್ತರ. ನಿಜವಾಗಿ ಮಾಸ್ಕ್ ಕೊನೆಯ ಸಾಲಿನ ರಕ್ಷಣೆ. ಹೊಗೆ ಮತ್ತು ಧೂಳನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ವ್ಯವಸ್ಥೆ, ಕರಗಿಸುವ ಪಾತ್ರೆಗೆ ಮುಚ್ಚಳ ಮತ್ತು ಶಾಖದ ನಿಯಂತ್ರಣ, ಒಣ ಪೊರಕೆಯ ಬದಲು ಒದ್ದೆ ಮಾಡಿ ಒರೆಸುವುದು, ಇವೆಲ್ಲ ಮೊದಲು ಬರಬೇಕು ಮತ್ತು ಇವನ್ನು ಮಾಡುವ ಹೊಣೆ ಮಾಲೀಕರದು. ಮಾಸ್ಕ್ ಬೇಕೇಬೇಕಾದ ಕಡೆ ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರಿನ ಮಾಸ್ಕ್, ಅದಕ್ಕೆ ಲೋಹದ ಹೊಗೆ ತಡೆಯುವ ಫಿಲ್ಟರ್ ಇರಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಮೂಗಿಗೆ ಕಟ್ಟಿದ ಟವೆಲ್ ಸೀಸದ ಹೊಗೆಯನ್ನು ತಡೆಯುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿದ ಸೀಸ ಬಹುತೇಕ ಪೂರ್ತಿಯಾಗಿ ರಕ್ತ ಸೇರುತ್ತದೆ.

ನಿಮ್ಮ ಕೈಯಲ್ಲೇ ಇರುವ ದೊಡ್ಡ ರಕ್ಷಣೆ ಎಂದರೆ ಕೈಯನ್ನು ಬಾಯಿಗೆ ಒಯ್ಯದಿರುವುದು. ಬೀಡಿ, ಎಲೆಅಡಿಕೆ, ಗುಟ್ಕಾ, ಚಹಾದ ಲೋಟ, ಮೊಬೈಲು, ಇವೆಲ್ಲ ಸೀಸ ಹೊತ್ತು ತರುತ್ತವೆ. ಕೆಲಸದ ಕೋಣೆಯಲ್ಲಿ ತಿನ್ನುವುದು, ಸೇದುವುದು ಬೇಡ. ಊಟಕ್ಕೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ, ಬ್ರಷ್ಷಿನಿಂದ ಉಗುರಿನ ಸಂದುಗಳನ್ನೂ ಉಜ್ಜಿ ತೊಳೆಯಿರಿ, ಮುಖವನ್ನೂ ತೊಳೆಯಿರಿ. ಪಾಳಿ ಮುಗಿದಾಗ ಬಟ್ಟೆಯ ಧೂಳು ಹೋಗಲೆಂದು ಕಂಪ್ರೆಸರಿನಿಂದ ಗಾಳಿ ಹೊಡೆದುಕೊಳ್ಳುವ ಅಭ್ಯಾಸ ಅನೇಕ ಕಡೆ ಇದೆ. ಅದನ್ನು ಇಂದೇ ನಿಲ್ಲಿಸಿ, ಏಕೆಂದರೆ ಇಡೀ ದಿನದ ಧೂಳು ಆ ಒಂದು ನಿಮಿಷದಲ್ಲಿ ಮುಖದ ಮುಂದೆ ಮೋಡವಾಗುತ್ತದೆ.

ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಿಕೆಯಾಗುತ್ತದೆ, ಹಾಗಾಗಿ ತಿಂಡಿ ತಿನ್ನದೆ ಪಾಳಿಗೆ ಹೋಗಬೇಡಿ. ದೇಹದಲ್ಲಿ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಅಂಶ ಸಾಕಷ್ಟಿದ್ದರೆ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. ನಮ್ಮ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಹಾಲು, ಮೊಸರು ಒಳ್ಳೆಯ ಆಹಾರ. ಧೂಳಿನ ಕೆಲಸದವರಿಗೆ ಬೆಲ್ಲ ಕೊಡುವ ರೂಢಿ ಇದೆ, ಆದರೆ ಬೆಲ್ಲ ಸೀಸವನ್ನು ತೊಳೆಯುವುದಿಲ್ಲ. ಯಾವ ಆಹಾರವೂ ಕೆಟ್ಟ ಗಾಳಿಗೆ ಪರಿಹಾರವಾಗದು.

ಹಕ್ಕಿನ ವಿಷಯದಲ್ಲಿ ಇಷ್ಟು ತಿಳಿದಿರಲಿ. 1948 ರ ಕಾರ್ಖಾನೆಗಳ ಕಾಯ್ದೆಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯ ಮೊದಲ ಹೆಸರೇ ಸೀಸದ ವಿಷಬಾಧೆ. 2025 ರ ನವೆಂಬರ್ 21 ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲೂ ಅದು ಹಾಗೆಯೇ ಉಳಿದಿದೆ. ಇಎಸ್‌ಐ ಕಾಯ್ದೆಯೂ ಅದನ್ನು ಉದ್ಯೋಗಜನ್ಯ ರೋಗವೆಂದು ಗುರುತಿಸಿತ್ತು, ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತೆಯ ಸಂಹಿತೆಯೂ ಹಾಗೆಯೇ ಗುರುತಿಸುತ್ತದೆ, ಆದ್ದರಿಂದ ಇಎಸ್‌ಐ ಕಾರ್ಡ್ ಇದ್ದವರು ಅಲ್ಲಿನ ವೈದ್ಯರಿಂದಲೇ ದಾಖಲೆ ಮಾಡಿಸಿ. ಕಾರ್ಖಾನೆಯವರು ಮಾಡಿಸಿದ ರಕ್ತಪರೀಕ್ಷೆಯ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಡಿ. ‘ನಾರ್ಮಲ್’ ಎಂಬ ಬಾಯಿಮಾತು ಸಾಲದು, ಅಂಕಿ ಬೇಕು. ನಮ್ಮ ಕಾರ್ಖಾನೆಗಳ ಕಾಯ್ದೆ ಗಾಳಿಯಲ್ಲಿ ಒಪ್ಪಿದ್ದ ಸೀಸದ ಮಿತಿ ಘನಮೀಟರಿಗೆ 0.15 ಮಿಲಿಗ್ರಾಂ, ಅಂದರೆ ಅಮೆರಿಕ 1978 ರಲ್ಲೇ ನಿಗದಿ ಮಾಡಿದ 0.05 ರ ಮೂರು ಪಟ್ಟು. ಹಾಗಾಗಿ ‘ನಿಯಮದೊಳಗೇ ಇದೆ’ ಎಂಬ ಮಾತನ್ನು ನಿಮ್ಮ ರಕ್ತದ ಅಂಕಿಯೊಂದಿಗೆ ಹೋಲಿಸಿಯೇ ನಂಬಿ. ದೂರು ಕೊಡಬೇಕಾದರೆ ಕರ್ನಾಟಕದಲ್ಲಿ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ ಇದೆ. ಗುಜರಿಯಲ್ಲಿ, ರಸ್ತೆಬದಿಯ ಶೆಡ್ಡುಗಳಲ್ಲಿ ದುಡಿಯುವವರನ್ನು ಈ ಯಾವ ಕಾಗದವೂ ಸುಲಭವಾಗಿ ತಲುಪುವುದಿಲ್ಲ. ಅತಿ ಹೆಚ್ಚು ಸೀಸ ಮುಟ್ಟುವವರು ಅವರೇ ಎಂಬುದು ನನ್ನನ್ನು ಕಾಡುತ್ತದೆ. ಅವರು ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲುವುದು, ಮನೆಯ ಅಂಗಳದಲ್ಲಿ ಬ್ಯಾಟರಿ ಒಡೆಯದಿರುವುದು, ಕರಗಿಸುವ ಕೆಲಸವನ್ನೇ ಬಿಟ್ಟು ಹಳೆಯ ಬ್ಯಾಟರಿಯನ್ನು ಇಡಿಯಾಗಿ ನೋಂದಾಯಿತ ಮರುಬಳಕೆದಾರರಿಗೆ ಮಾರುವುದು, ಇಷ್ಟನ್ನಾದರೂ ಮಾಡಬೇಕು.

ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಪರಂಪರೆಯೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಗಾಗಿಯೇ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. ದೇಶದ ಪೆಟ್ರೋಲಿನಿಂದ 2000 ದಲ್ಲಿ ಸೀಸ ಹೊರಹೋದ ಕಾಲದ ಜಾಗೃತಿಯಲ್ಲಿ ಈ ಊರಿನ ಪಾಲು ದೊಡ್ಡದು.

ಬೇರೆ ಲೋಹಗಳು

ಕ್ಯಾಡ್ಮಿಯಂ ಬೆಳ್ಳಿ ಬೆಸುಗೆಯ ಕೆಲವು ಮಿಶ್ರಲೋಹಗಳಲ್ಲಿ, ಪ್ಲೇಟಿಂಗಿನಲ್ಲಿ, ನಿಕ್ಕೆಲ್ ಕ್ಯಾಡ್ಮಿಯಂ ಬ್ಯಾಟರಿಯಲ್ಲಿ ಇರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ವೃಷಣಕ್ಕೆ ಇದರಷ್ಟು ಬೇಗ ಹಾನಿ ಮಾಡುವ ಲೋಹಗಳು ಕಡಿಮೆ. ಸಿಗರೇಟಿನ ಹೊಗೆಯಲ್ಲೂ ಇದೇ ಇರುವುದರಿಂದ ಈ ಕೆಲಸದವರು ಧೂಮಪಾನ ಬಿಡುವುದು ಎರಡು ಪಟ್ಟು ಲಾಭ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗಿನ ಹೊಗೆಯಲ್ಲೂ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಕ್ರೋಮ್ ಪ್ಲೇಟಿಂಗ್ ತೊಟ್ಟಿಗಳ ಮೇಲಿನ ಆವಿಯಲ್ಲೂ ಕ್ರೋಮಿಯಂ ಇರುತ್ತದೆ. ಮ್ಯಾಂಗನೀಸ್ ಅದಿರಿನ ಧೂಳು ಬಹಳ ಕಾಲ ಒಳಹೋದವರಲ್ಲಿ ನಡುಕ, ನಡಿಗೆಯ ತೊಂದರೆಯ ಜೊತೆ ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ ಹಳೆಯ ಕಾಲದಿಂದಲೂ ದಾಖಲಾಗಿವೆ. ಸಂಡೂರು ಭಾಗದ ಗಣಿಗಳಲ್ಲಿ ದುಡಿದವರು ವೈದ್ಯರಿಗೆ ಇದನ್ನು ಹೇಳಲು ಮುಜುಗರ ಪಡಬಾರದು. ಪಾದರಸಕ್ಕೆ ಮೂತ್ರ ಪರೀಕ್ಷೆ, ಕ್ಯಾಡ್ಮಿಯಂಗೆ ರಕ್ತ ಮತ್ತು ಮೂತ್ರ ಎರಡೂ ಬೇಕಾಗುವುದರಿಂದ ಯಾವ ಲೋಹವೆಂದು ತಿಳಿದ ಮೇಲೆಯೇ ಪರೀಕ್ಷೆ ಬರೆಸಿಕೊಳ್ಳಿ.

ಮನೆಯಲ್ಲಿ

ಕೆಲಸದ ಬಟ್ಟೆ, ಶೂ ಮನೆಯೊಳಗೆ ಬರಬಾರದು. ಕಾರ್ಖಾನೆಯಲ್ಲೇ ಸ್ನಾನ, ಅಲ್ಲೇ ಬಟ್ಟೆ ತೊಳೆಸುವುದು ಸರಿಯಾದ ಕ್ರಮ. ಅದು ಆಗದಿದ್ದರೆ ಬಟ್ಟೆಯನ್ನು ಬಾಗಿಲ ಹೊರಗೇ ಕಳಚಿ, ಕೊಡವದೆ, ಮುಚ್ಚಿದ ಚೀಲದಲ್ಲಿಟ್ಟು ನೀವೇ ಬೇರೆಯಾಗಿ ತೊಳೆಯಿರಿ. ಬಸುರಿ ಹೆಂಡತಿ ಆ ಬಟ್ಟೆ ಒಗೆಯಬಾರದು, ಏಕೆಂದರೆ ಅವಳ ರಕ್ತ ಸೇರಿದ ಸೀಸ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ. ಪುಟ್ಟ ಮಕ್ಕಳಿದ್ದರೆ ಸ್ನಾನವಾಗುವವರೆಗೆ ಎತ್ತಿಕೊಳ್ಳಬೇಡಿ. ಅವರ ಕರುಳು ದೊಡ್ಡವರಿಗಿಂತ ಬಹಳ ಹೆಚ್ಚು ಸೀಸ ಹೀರುತ್ತದೆ. ಗರ್ಭ ನಿಂತಿರುವುದು ಖಚಿತವಾದ ವಾರದಲ್ಲೇ ಹೆಂಡತಿಯ ರಕ್ತದ ಸೀಸವನ್ನೂ ಒಮ್ಮೆ ಪರೀಕ್ಷಿಸಿ, ತಾಯಿ ಕಾರ್ಡ್ ಮಾಡಿಸಲು ಹೋದಾಗ ಗಂಡ ಮಾಡುವ ಕೆಲಸವನ್ನು ಅಲ್ಲಿನ ದಾದಿಗೂ ವೈದ್ಯರಿಗೂ ಬಿಡಿಸಿ ಹೇಳಿ.